ಪೀಠ ತಪ್ಪಿದ ಪಂಡಿತ

1860ರ ಡಿಸೆಂಬರ್ 7ರಂದು ಡಿಡ್ಕಾಟ್ ಜಂಕ್ಷನ್ನಿನಿಂದ ಆಕ್ಸ್‌ಫರ್ಡ್‌ಗೆ ವಿಶೇಷ ರೈಲುಗಳು ಓಡಿದವು. ಬಂದಿಳಿದವರಲ್ಲಿ ಇಂಗ್ಲೆಂಡಿನ ಊರೂರುಗಳ ಪಾದ್ರಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಯಾವುದೋ ಕಾಲದಲ್ಲಿ ಅಲ್ಲೇ ಓದಿ ಎಂ.ಎ. ಪದವಿ ಪಡೆದು ಹೋದವರು ಅವರು. ಆ ಪದವಿಯೊಂದಿಗೆ ವಿಶ್ವವಿದ್ಯಾನಿಲಯದ ಮಹಾಸಭೆಯಲ್ಲಿ ಮತ ಹಾಕುವ ಹಕ್ಕೂ ಜೀವಮಾನಪೂರ್ತಿ ಬರುತ್ತಿತ್ತು. ಅಂದು ಅವರು ಆರಿಸಬೇಕಿದ್ದದ್ದು ಒಬ್ಬ ಸಂಸ್ಕೃತ ಪ್ರಾಧ್ಯಾಪಕರನ್ನು. ಮತದಾರರಲ್ಲಿ ಬಹುಪಾಲು ಜನಕ್ಕೆ ಸಂಸ್ಕೃತದ ಗಂಧವಿರಲಿಲ್ಲ.

ಕಣದಲ್ಲಿ ಉಳಿದಿದ್ದವರು ಇಬ್ಬರು. ಒಬ್ಬರು ಮುಂಬಯಿಯಲ್ಲಿ ಹುಟ್ಟಿದ ಆಂಗ್ಲರು, ಮೋನಿಯರ್ ವಿಲಿಯಮ್ಸ್. ಇನ್ನೊಬ್ಬರು ಜರ್ಮನಿಯ ಡೆಸ್ಸಾವ್ ಪಟ್ಟಣದಿಂದ ಬಂದು ಆಕ್ಸ್‌ಫರ್ಡಿನಲ್ಲಿ ನೆಲೆ ನಿಂತಿದ್ದ ಫ್ರೆಡ್ರಿಕ್ ಮ್ಯಾಕ್ಸ್ ಮುಲ್ಲರ್. ಹಿಂದಿನ ದಿನವಷ್ಟೇ ಮುಲ್ಲರ್ ಅವರಿಗೆ 37 ತುಂಬಿತ್ತು. ಸಾಯಣಭಾಷ್ಯ ಸಹಿತ ಋಗ್ವೇದದ ಮೂರು ಸಂಪುಟಗಳು ಅವರ ಸಂಪಾದನೆಯಲ್ಲಿ ಅಷ್ಟರೊಳಗೆ ಅಚ್ಚಾಗಿದ್ದವು. ವಿದ್ವತ್ತೊಂದೇ ಅಳತೆಗೋಲಾಗಿದ್ದರೆ ಅಂದಿನ ಚುನಾವಣೆಯೇ ಬೇಕಿರಲಿಲ್ಲ.

ಅಳತೆಗೋಲು ಬೇರೆಯೇ ಆಗಿತ್ತು ಎಂಬುದಕ್ಕೆ ಆ ಪೀಠ ಹುಟ್ಟಿದ ಬಗೆಯೇ ಸಾಕ್ಷಿ. ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ದೇಶೀ ಕಾಲಾಳು ಪಡೆಯಲ್ಲಿ ಅಧಿಕಾರಿಯಾಗಿದ್ದ ಕರ್ನಲ್ ಜೋಸೆಫ್ ಬೋಡನ್ 1811ರಲ್ಲಿ ತೀರಿಕೊಂಡರು. ಮಗಳ ಕಾಲಾನಂತರ ತಮ್ಮ ಆಸ್ತಿ ಆಕ್ಸ್‌ಫರ್ಡ್‌ಗೆ ಸೇರಬೇಕು, ಅದರಿಂದ ಸಂಸ್ಕೃತ ಪೀಠವೊಂದು ಏರ್ಪಡಬೇಕು ಎಂದು ಉಯಿಲು ಬರೆದಿಟ್ಟಿದ್ದರು. ಉದ್ದೇಶವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಸಂಸ್ಕೃತ ಕಲಿತ ಆಂಗ್ಲರು ಭಾರತೀಯರನ್ನು ಕ್ರೈಸ್ತಮತಕ್ಕೆ ತರಲು ಸಮರ್ಥರಾಗಬೇಕು. ಮಗಳು 1827ರಲ್ಲಿ ತೀರಿಕೊಂಡ ಮೇಲೆ ಹಣ ವಿಶ್ವವಿದ್ಯಾನಿಲಯದ ಕೈಸೇರಿತು. 1832ರ ಮೊದಲ ಚುನಾವಣೆಯಲ್ಲಿ ಹೊರೇಸ್ ಹೇಮನ್ ವಿಲ್ಸನ್ 207 ಮತ ಪಡೆದರೆ, ಕಲ್ಕತ್ತೆಯ ಬಿಷಪ್ಸ್ ಕಾಲೇಜಿನ ಪ್ರಾಂಶುಪಾಲ ವಿಲಿಯಂ ಹಾಡ್ಜ್ ಮಿಲ್ 200 ಮತ ಪಡೆದರು. ಕಲ್ಕತ್ತೆಯ ಟಂಕಸಾಲೆಯಲ್ಲಿ ಕೆಲಸ ಮಾಡಿದ್ದ, ಸಂಸ್ಕೃತ ನಿಘಂಟು ರಚಿಸಿದ್ದ ವಿಲ್ಸನ್ ಹೀಗೆ ಏಳೇ ಮತಗಳಿಂದ ಗೆದ್ದರು. 1860ರ ಮೇ 8ರಂದು ಅವರು ತೀರಿಕೊಂಡಾಗ ಆ ಪೀಠ ತೆರವಾಯಿತು.

ತೆರವಾದ ಪೀಠ ತಮಗೇ ಎಂದು ಮುಲ್ಲರ್ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಓದಿನ ಹಾದಿಯೆಲ್ಲ ಅಲ್ಲಿಗೇ ಬಂದು ಸೇರುವಂತಿತ್ತು. ತಂದೆ ವಿಲ್ಹೆಲ್ಮ್ ಮುಲ್ಲರ್ ಹೆಸರಾಂತ ಕವಿ, ಅವರ ಗೀತಮಾಲೆಗಳಿಗೆ ಶೂಬರ್ಟ್ ರಾಗ ಹಾಕಿದ್ದರು. ಮಗನಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಂದೆ ಇಲ್ಲವಾದರು. ಬಡತನದಲ್ಲೇ ಬೆಳೆದ ಹುಡುಗ ಲೈಪ್‌ಜಿಗ್ ವಿಶ್ವವಿದ್ಯಾನಿಲಯ ಸೇರಿ, ಹರ್ಮನ್ ಬ್ರಾಕ್‌ಹೌಸ್ ಅವರಲ್ಲಿ ಸಂಸ್ಕೃತ ಕಲಿತು, 1843ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಹಿತೋಪದೇಶದ ಜರ್ಮನ್ ಅನುವಾದ ಪ್ರಕಟಿಸಿದರು. ಬಳಿಕ ಬರ್ಲಿನ್ನಿನಲ್ಲಿ ಫ್ರಾನ್ಸ್ ಬಾಪ್ ಅವರ ಬಳಿ ಭಾಷಾಶಾಸ್ತ್ರ, ಶೆಲ್ಲಿಂಗ್ ಅವರ ಬಳಿ ತತ್ತ್ವಶಾಸ್ತ್ರ ಓದಿದರು. 1845ರಲ್ಲಿ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಯೂಜೀನ್ ಬರ್ನೂಫ್ ಅವರ ಪಾಠ ಕೇಳಿದ್ದು ಅವರ ಬಾಳಿನ ದಿಕ್ಕನ್ನೇ ನಿಶ್ಚಯಿಸಿತು.

ಅಂದಿನ ಯೂರೋಪಿನಲ್ಲಿ ಉಪನಿಷತ್ತು, ಶಾಕುಂತಲ, ಮನುಸ್ಮೃತಿಗಳ ಪರಿಚಯ ಸಾಕಷ್ಟಿತ್ತು. ಋಗ್ವೇದ ಮಾತ್ರ ಹಸ್ತಪ್ರತಿಗಳಲ್ಲೇ ಉಳಿದಿತ್ತು. ಕೋಲ್‌ಬ್ರೂಕ್ 1805ರಲ್ಲಿ ವೇದಗಳ ಬಗ್ಗೆ ಪ್ರಬಂಧವೊಂದನ್ನು ಬರೆದಿದ್ದರು. ಫ್ರೆಡ್ರಿಕ್ ರೋಸೆನ್ ಮೊದಲ ಅಷ್ಟಕವನ್ನು ಲ್ಯಾಟಿನ್ ಅನುವಾದದೊಂದಿಗೆ ಸಿದ್ಧಪಡಿಸುತ್ತಿರುವಾಗಲೇ ಎಳೆವಯಸ್ಸಿನಲ್ಲಿ ತೀರಿಕೊಂಡರು, ಪುಸ್ತಕ 1838ರಲ್ಲಿ ಹೊರಬಂತು. ಬರ್ನೂಫ್ ತಮ್ಮ ಶಿಷ್ಯನಿಗೆ ಕೊಟ್ಟ ಸಲಹೆ ಸ್ಪಷ್ಟವಾಗಿತ್ತು: ಬಿಡಿ ಸೂಕ್ತಗಳನ್ನು ಆಯ್ದು ಪ್ರಕಟಿಸುವ ಆಸೆ ಬಿಡು, ಮಾಡುವುದಾದರೆ ಸಂಹಿತೆಯನ್ನು ಪೂರ್ತಿಯಾಗಿ, ಸಾಯಣಭಾಷ್ಯದೊಂದಿಗೇ ಮಾಡು.

ಈ ಸಲಹೆ ಕನ್ನಡ ನಾಡಿನ ಚರಿತ್ರೆಗೂ ತಗಲುತ್ತದೆ. ಸಾಯಣಾಚಾರ್ಯರು ವಿಜಯನಗರದ ಮಂತ್ರಿಗಳು. ಬುಕ್ಕರಾಯನ ಆಶ್ರಯದಲ್ಲಿ, ಅಣ್ಣ ಮಾಧವಾಚಾರ್ಯರ ಪ್ರೇರಣೆಯಿಂದ, ವೇದಾರ್ಥಪ್ರಕಾಶವೆಂಬ ವೇದಭಾಷ್ಯವನ್ನು ಕೈಗೆತ್ತಿಕೊಂಡರು. ಎರಡನೆಯ ಹರಿಹರನ ಕಾಲದಲ್ಲೂ ಮಂತ್ರಿಪದವಿಯಲ್ಲಿದ್ದರು. ರಾಜ್ಯಭಾರದ ನಡುವೆ ಒಬ್ಬರೇ ಕುಳಿತು ಮುಗಿಸುವ ಕೆಲಸ ಅದಾಗಿರಲಿಲ್ಲ. 1386ರ ತಾಮ್ರಶಾಸನವೊಂದು ಅದರ ಹಿಂದಿದ್ದ ಕೈಗಳನ್ನು ತೋರಿಸುತ್ತದೆ: ನಾರಾಯಣ ವಾಜಪೇಯಯಾಜಿ, ನರಹರಿ ಸೋಮಯಾಜಿ, ಪಂಢರಿ ದೀಕ್ಷಿತ ಎಂಬ ಮೂವರು ವಿದ್ವಾಂಸರಿಗೆ, ಚತುರ್ವೇದ ಭಾಷ್ಯದ ಪ್ರವರ್ತಕರೆಂದು ಹೆಸರಿಸಿ, ವಿದ್ಯಾರಣ್ಯರ ಸಮ್ಮುಖದಲ್ಲಿ ಹರಿಹರರಾಯ ದತ್ತಿ ಕೊಟ್ಟ. ತುಂಗಭದ್ರೆಯ ದಡದ ರಾಜಧಾನಿಯಲ್ಲಿ ಹೀಗೆ ಹಲವರ ದುಡಿಮೆಯಿಂದ ಸಿದ್ಧವಾದ ಭಾಷ್ಯ ಸೂಕ್ತಸೂಕ್ತಕ್ಕೂ ಋಷಿ, ದೇವತೆ, ಛಂದಸ್ಸು, ಯಜ್ಞದಲ್ಲಿ ಅದರ ವಿನಿಯೋಗಗಳನ್ನು ಹೇಳುತ್ತದೆ. ಪದಪದಕ್ಕೂ ಪಾಣಿನಿಯ ಸೂತ್ರ ಹಿಡಿದು ವ್ಯುತ್ಪತ್ತಿ, ಸ್ವರಗಳನ್ನು ನಿರ್ಣಯಿಸುತ್ತದೆ. ವೇದಭಾಷೆಯ ಕದ ತಟ್ಟುತ್ತಿದ್ದ ಯೂರೋಪಿನ ತರುಣನಿಗೆ ಅದಿಲ್ಲದೆ ಒಳಗೆ ಹೋಗುವ ದಾರಿಯೇ ಇರಲಿಲ್ಲ.

ಕೆಲಸ ಎಷ್ಟು ಕಷ್ಟದ್ದೆಂದರೆ, ಸಂಹಿತೆಯ ಪಾಠ ಸಾವಿರಾರು ವರ್ಷ ಕಂಠಸ್ಥ ಪರಂಪರೆಯಲ್ಲಿ ಅಕ್ಷರ ತಪ್ಪದೆ ಉಳಿದಿದ್ದರೂ ಭಾಷ್ಯದ ಹಸ್ತಪ್ರತಿಗಳ ಸ್ಥಿತಿ ಹಾಗಿರಲಿಲ್ಲ. ನಕಲಿನಿಂದ ನಕಲಿಗೆ ತಪ್ಪುಗಳು ಸೇರುತ್ತ ಬಂದಿದ್ದವು. ಸಾಯಣರು ಉಲ್ಲೇಖಿಸುವ ನಿರುಕ್ತ, ಬ್ರಾಹ್ಮಣ, ಪ್ರಾತಿಶಾಖ್ಯ, ಶ್ರೌತಸೂತ್ರಗಳಲ್ಲಿ ಬಹುಪಾಲು ಆಗಿನ್ನೂ ಅಚ್ಚಾಗಿರಲಿಲ್ಲ. ಒಂದು ಉಲ್ಲೇಖ ಸರಿಯೋ ತಪ್ಪೋ ನೋಡಬೇಕಾದರೆ ಆ ಮೂಲಗ್ರಂಥದ ಹಸ್ತಪ್ರತಿಯನ್ನೇ ಹುಡುಕಿ ತೆಗೆಯಬೇಕಿತ್ತು. ಪ್ಯಾರಿಸ್ಸಿನಲ್ಲಿ ಮುಲ್ಲರ್ ಹಸ್ತಪ್ರತಿಗಳನ್ನು ನಕಲು ಮಾಡಿಕೊಡುವ ಕೂಲಿಯಿಂದ ಹೊಟ್ಟೆ ಹೊರೆದುಕೊಂಡರು. ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟು ಬರೆಯುವುದು, ಮರುರಾತ್ರಿ ಉಟ್ಟ ಬಟ್ಟೆಯಲ್ಲೇ ಮೂರು ಗಂಟೆ ಮಲಗುವುದು, ಮೂರನೆಯ ರಾತ್ರಿ ಸರಿಯಾಗಿ ನಿದ್ದೆ ಮಾಡುವುದು: ಆಗಿನ ತಮ್ಮ ದಿನಚರಿಯನ್ನು ಅವರು ಆತ್ಮಚರಿತ್ರೆಯಲ್ಲಿ ಹೀಗೆ ನೆನೆದಿದ್ದಾರೆ. ಮುಂದೆ ಭಾಷ್ಯದ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ಹಂಚಿಕೊಂಡ ತಪ್ಪುಗಳ ಆಧಾರದ ಮೇಲೆ ಮೂರು ಕುಲಗಳಾಗಿ ವಿಂಗಡಿಸಿ, ಪಾಠ ನಿರ್ಣಯಿಸಿದರು.

1846ರಲ್ಲಿ ಲಂಡನ್ನಿಗೆ ಬಂದದ್ದು ಈಸ್ಟ್ ಇಂಡಿಯಾ ಹೌಸಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಗಳಿಗಾಗಿ. ಕೈಯಲ್ಲಿದ್ದ ಹಣ ಮುಗಿದು ಜರ್ಮನಿಗೆ ಹಿಂದಿರುಗುವ ಹೊತ್ತಿಗೆ ಪ್ರಷ್ಯದ ರಾಯಭಾರಿ ಬುನ್ಸೆನ್ ಬೆನ್ನಿಗೆ ನಿಂತರು. ಅವರ ಒತ್ತಾಸೆ ಮತ್ತು ಕಂಪನಿಯ ಗ್ರಂಥಪಾಲರೂ ಆಗಿದ್ದ ವಿಲ್ಸನ್ ಅವರ ಬೆಂಬಲದಿಂದ 1847ರಲ್ಲಿ ಕಂಪನಿಯೇ ಮುದ್ರಣದ ಖರ್ಚು ವಹಿಸಿಕೊಂಡಿತು. ವರ್ಷಕ್ಕೆ 50 ಫಾರಂ ಅಚ್ಚಿಗೆ ಸಿದ್ಧಪಡಿಸಿ ಕೊಡಬೇಕು, ಫಾರಂ ಒಂದಕ್ಕೆ 4 ಪೌಂಡ್, ಒಟ್ಟು ವರ್ಷಕ್ಕೆ 200 ಪೌಂಡ್ ಸಂಭಾವನೆ. ವ್ಯಾಪಾರ ಮಾಡಿ ರಾಜ್ಯ ಕಟ್ಟಿದ ಕಂಪನಿಗೆ ಇದು ಅಲ್ಪ ಮೊತ್ತ. ಇಪ್ಪತ್ಮೂರರ ತರುಣನಿಗೆ ಅದು ಜೀವನಾಧಾರವಾಯಿತು.

ಅಚ್ಚಿನ ಕೆಲಸ ನಡೆಯುತ್ತಿದ್ದದ್ದು ಆಕ್ಸ್‌ಫರ್ಡಿನ ಮುದ್ರಣಾಲಯದಲ್ಲಿ. ಕರಡು ತಿದ್ದುವ ಅನುಕೂಲಕ್ಕೆಂದು 1848ರಲ್ಲಿ ಅಲ್ಲಿಗೆ ವಾಸ ಬದಲಿಸಿದ ಮುಲ್ಲರ್ ಸಾಯುವವರೆಗೂ ಆ ಊರು ಬಿಡಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಹಸ್ತಪ್ರತಿಗಳಿಗಾಗಿ ಪ್ಯಾರಿಸ್ಸಿಗೆ ಹೋಗಿದ್ದಾಗ ಅಲ್ಲಿ ಕ್ರಾಂತಿ ಭುಗಿಲೆದ್ದಿತ್ತು. ಗುಂಡಿನ ಸದ್ದಿನ ನಡುವೆ ಹಸ್ತಪ್ರತಿಗಳನ್ನು ಉಳಿಸಿಕೊಂಡು ಲಂಡನ್ ಸೇರಿದರು. 1849ರಲ್ಲಿ ಮೊದಲ ಸಂಪುಟ ಹೊರಬಂತು. ಅದರ ಸಂಸ್ಕೃತ ಮುಖಪುಟದಲ್ಲಿ ಸಂಪಾದಕರ ಹೆಸರು ಮೋಕ್ಷಮೂಲರ ಭಟ್ಟ ಎಂದಿತ್ತು. 1854ರಲ್ಲಿ ಆಧುನಿಕ ಯೂರೋಪಿಯನ್ ಭಾಷೆಗಳ ಪ್ರಾಧ್ಯಾಪಕರಾದರು. 1858ರಲ್ಲಿ ಆಲ್ ಸೋಲ್ಸ್ ಕಾಲೇಜಿನ ಫೆಲೋ ಆದರು. 1859ರಲ್ಲಿ ಪ್ರಾಚೀನ ಸಂಸ್ಕೃತ ಸಾಹಿತ್ಯದ ಇತಿಹಾಸ ಬರೆದರು. ಸಂಸ್ಕೃತ ಕಲಿಸುವ ಪೀಠವೊಂದೇ ಬಾಕಿಯಿತ್ತು.

ಎದುರಾಳಿಯೂ ಸಾಮಾನ್ಯರಾಗಿರಲಿಲ್ಲ. ಮೋನಿಯರ್ ವಿಲಿಯಮ್ಸ್ 1844ರಿಂದ ಹೇಲಿಬರಿಯ ಕಂಪನಿ ಕಾಲೇಜಿನಲ್ಲಿ, ಭಾರತಕ್ಕೆ ಹೊರಡುವ ಅಧಿಕಾರಿಗಳಿಗೆ ಸಂಸ್ಕೃತ ಕಲಿಸುತ್ತಿದ್ದರು. 1857ರ ದಂಗೆಯ ನಂತರ, 1858ರಲ್ಲಿ, ಆ ಕಾಲೇಜು ಮುಚ್ಚಿಹೋಗಿ ಅವರು ಕೆಲಸ ಕಳೆದುಕೊಂಡಿದ್ದರು. ಬೋಡನ್ ಪೀಠಕ್ಕೆ ವರ್ಷಕ್ಕೆ 900ರಿಂದ 1000 ಪೌಂಡ್ ಆದಾಯ, ಅದೂ ಜೀವಮಾನಪೂರ್ತಿ. ಇಬ್ಬರಿಗೂ ಅದು ಬೇಕಿತ್ತು.

ಕಾಲ ಮುಲ್ಲರ್ ಅವರಿಗೆ ಪ್ರತಿಕೂಲವಾಗಿತ್ತು. ದಂಗೆಯ ನೆನಪು ಇನ್ನೂ ಹಸಿಯಾಗಿದ್ದು, ಭಾರತವನ್ನು ಕ್ರೈಸ್ತವಾಗಿಸದೆ ಆಳಲಾಗದು ಎನ್ನುವವರ ದನಿ ಇಂಗ್ಲೆಂಡಿನಲ್ಲಿ ಏರಿತ್ತು. ಡಾರ್ವಿನ್ನರ ಗ್ರಂಥ ಹಿಂದಿನ ವರ್ಷವಷ್ಟೇ ಬಂದಿತ್ತು. 1860ರ ಜೂನ್‌ನಲ್ಲಿ ಹಕ್ಸ್‌ಲಿ ಮತ್ತು ಬಿಷಪ್ ವಿಲ್ಬರ್‌ಫೋರ್ಸ್ ನಡುವೆ ವಿಕಾಸವಾದದ ಬಗ್ಗೆ ಪ್ರಸಿದ್ಧ ವಾಗ್ವಾದ ನಡೆದದ್ದು ಇದೇ ಆಕ್ಸ್‌ಫರ್ಡಿನಲ್ಲಿ. ಬೈಬಲನ್ನು ಉಳಿದ ಗ್ರಂಥಗಳಂತೆಯೇ ವಿಮರ್ಶೆಯ ಕಣ್ಣಿನಿಂದ ಓದಬೇಕೆಂದು ವಾದಿಸಿದ ಪ್ರಬಂಧ ಸಂಕಲನವೊಂದು ಅದೇ ವರ್ಷ ಚರ್ಚಿನಲ್ಲಿ ಬಿರುಗಾಳಿ ಎಬ್ಬಿಸಿತ್ತು. ಅದರಲ್ಲಿನ ಒಂದು ಪ್ರಬಂಧ ಮುಲ್ಲರ್ ಅವರ ಪೋಷಕ ಬುನ್ಸೆನ್ ಅವರ ಬೈಬಲ್ ಸಂಶೋಧನೆಗಳನ್ನು ಕುರಿತದ್ದೇ ಆಗಿತ್ತು. ಹುಟ್ಟಿನಿಂದ ಜರ್ಮನ್, ವಿಚಾರದಲ್ಲಿ ಉದಾರಿ, ಬುನ್ಸೆನ್ನರ ಆಪ್ತ. ಸಂಪ್ರದಾಯಸ್ಥ ಪಾದ್ರಿಗಳ ಅನುಮಾನಕ್ಕೆ ಇಷ್ಟು ಸಾಕಾಯಿತು.

ವಿಲಿಯಮ್ಸ್ ಪರ ಪ್ರಚಾರ ಬೋಡನ್ನರ ಉಯಿಲನ್ನೇ ಮುಂದಿಟ್ಟುಕೊಂಡು ನಡೆಯಿತು. ದಾನಿಯ ಆಶಯವನ್ನು ನೆರವೇರಿಸುವವರು ಬೇಕು, ಭಾರತದ ಜನಜೀವನದಲ್ಲಿ ಇಂದಿಗೂ ಬದುಕಿರುವ ಸಾಹಿತ್ಯ ಬಲ್ಲವರು ಬೇಕು, ವೇದವೊಂದರಲ್ಲೇ ಮುಳುಗಿದವರಿಂದ ಮಿಷನರಿಗಳಿಗೆ ಏನು ಪ್ರಯೋಜನ ಎಂಬುದು ಆ ವಾದದ ತಿರುಳು. ಎರಡೂ ಕಡೆ ಸಮಿತಿಗಳು ಹುಟ್ಟಿಕೊಂಡವು, ಪ್ರಣಾಳಿಕೆಗಳು ಅಚ್ಚಾದವು, ಪತ್ರಿಕೆಗಳಲ್ಲಿ ಪತ್ರಗಳು ತುಂಬಿದವು. ಮುಲ್ಲರ್ ಅವರಿಗೆ ಯೂರೋಪಿನ ದೊಡ್ಡ ದೊಡ್ಡ ಸಂಸ್ಕೃತಜ್ಞರ ಬೆಂಬಲವಿತ್ತು. ಕಲ್ಕತ್ತೆಯಲ್ಲಿದ್ದ ಸಂಸ್ಕೃತಜ್ಞ ಕವೆಲ್ ತಾವೇ ಅರ್ಹರಾಗಿದ್ದರೂ ಮುಲ್ಲರ್ ಪರ ನಿಂತರು. ಗಮನಿಸಬೇಕಾದ ಸಂಗತಿಯೆಂದರೆ, ಮುಲ್ಲರ್ ಪರ ವಾದಿಸಿದವರಲ್ಲೂ ಹಲವರು ಮತಾಂತರದ ಲೆಕ್ಕಾಚಾರವನ್ನೇ ಹಿಡಿದಿದ್ದರು. ಸಂಪ್ರದಾಯಸ್ಥ ದೈವಶಾಸ್ತ್ರಜ್ಞ ಪ್ಯೂಸಿ, ಭಾರತವನ್ನು ಕ್ರೈಸ್ತಮತಕ್ಕೆ ಗೆಲ್ಲಬಯಸುವವರಿಗೆ ಮುಲ್ಲರ್ ಅವರ ವೇದ ಸಂಪಾದನೆಗಿಂತ ದೊಡ್ಡ ಕೊಡುಗೆಯಿಲ್ಲ ಎಂಬ ಅರ್ಥದಲ್ಲಿ ಬರೆದರು. ಮುಲ್ಲರ್ ಕೂಡ ಈ ವಾದವನ್ನು ತಳ್ಳಿಹಾಕಲಿಲ್ಲ.

ಸಂಜೆ ಎಣಿಕೆ ಮುಗಿದಾಗ ವಿಲಿಯಮ್ಸ್ ಅವರಿಗೆ 833, ಮುಲ್ಲರ್ ಅವರಿಗೆ 610 ಮತಗಳು ಬಿದ್ದಿದ್ದವು. ಅಂತರ 223.

ಸೋಲು ಮುಲ್ಲರ್ ಅವರನ್ನು ಬಹುಕಾಲ ಕಾಡಿತು. ಆದರೂ ಮುಂದಿನ ವರ್ಷವೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಭಾಷಾವಿಜ್ಞಾನದ ಬಗ್ಗೆ ಅವರು ಕೊಟ್ಟ ಉಪನ್ಯಾಸಗಳು ಭಾಷೆಗಳ ತೌಲನಿಕ ಅಧ್ಯಯನವನ್ನು ಸಾಮಾನ್ಯ ಓದುಗರ ಮನೆಬಾಗಿಲಿಗೆ ತಂದವು. 1868ರಲ್ಲಿ ಆಕ್ಸ್‌ಫರ್ಡ್ ಅವರಿಗಾಗಿಯೇ ತೌಲನಿಕ ಭಾಷಾಶಾಸ್ತ್ರದ ಪೀಠವೊಂದನ್ನು ಸ್ಥಾಪಿಸಿತು. 1874ರಲ್ಲಿ ಋಗ್ವೇದದ ಆರನೆಯ, ಕೊನೆಯ ಸಂಪುಟ ಹೊರಬಂತು. ಮೊದಲ ಸಂಪುಟದಿಂದ ಲೆಕ್ಕ ಹಾಕಿದರೆ 25 ವರ್ಷದ ದುಡಿಮೆ. ಅಷ್ಟರಲ್ಲಿ ಕಂಪನಿಯೇ ಇಲ್ಲವಾಗಿ ಖರ್ಚಿನ ಹೊಣೆ ಬ್ರಿಟಿಷ್ ಸರ್ಕಾರದ ಪಾಲಿಗೆ ಬಂದಿತ್ತು. 1876ರಲ್ಲಿ ವಿಶ್ವವಿದ್ಯಾನಿಲಯ ಅವರನ್ನು ಪಾಠದ ಹೊರೆಯಿಂದ ಬಿಡುಗಡೆ ಮಾಡಿತು. ಪೌರಸ್ತ್ಯ ಪವಿತ್ರ ಗ್ರಂಥಮಾಲೆ ಎಂಬ ಮಹಾಯೋಜನೆ ಆಗ ಮೊದಲಾಯಿತು. 1879ರಿಂದ 1910ರವರೆಗೆ ಒಟ್ಟು 50 ಸಂಪುಟಗಳು: ಉಪನಿಷತ್ತು, ಧರ್ಮಸೂತ್ರ, ಬೌದ್ಧ ಮತ್ತು ಜೈನ ಆಗಮಗಳು, ಅವೆಸ್ತಾ, ಕುರಾನ್, ಚೀನಾದ ಗ್ರಂಥಗಳು ಇಂಗ್ಲಿಷಿಗೆ ಬಂದವು. ಭಗವದ್ಗೀತೆಯನ್ನು ಅನುವಾದಿಸಿದವರು ಮುಂಬಯಿಯ ಕಾಶೀನಾಥ ತ್ರ್ಯಂಬಕ ತೇಲಂಗ. ಒಂದೇ ಸಾಲಿನ ಕಪಾಟಿನಲ್ಲಿ ಪೂರ್ವದ ಹಲವು ಧರ್ಮಗಳ ಗ್ರಂಥಗಳನ್ನು ಸಮಾನವಾಗಿ ನಿಲ್ಲಿಸಿದ ಈ ಮಾಲೆ, ಧರ್ಮಗಳ ತೌಲನಿಕ ಅಧ್ಯಯನವೆಂಬ ಶಾಸ್ತ್ರಕ್ಕೆ ತಳಹದಿಯಾಯಿತು.

ಗೆದ್ದವರ ಕೆಲಸವನ್ನೂ ಮರೆಯಬಾರದು. ಮೋನಿಯರ್ ವಿಲಿಯಮ್ಸ್ 1872ರಲ್ಲಿ ಸಂಸ್ಕೃತ-ಇಂಗ್ಲಿಷ್ ನಿಘಂಟನ್ನು ಹೊರತಂದರು. ತೀರಿಕೊಂಡ ವರ್ಷವಾದ 1899ರಲ್ಲಿ ಬಂದ ಅದರ ಪರಿಷ್ಕೃತ ಆವೃತ್ತಿಯಲ್ಲಿ ಸುಮಾರು 1,80,000 ಪದಗಳಿದ್ದವು. ಇಂದು ಬೆಂಗಳೂರು, ಮೈಸೂರು, ಧಾರವಾಡಗಳ ಸಂಸ್ಕೃತ ವಿದ್ಯಾರ್ಥಿ ಮೊದಲು ಕೈಹಾಕುವುದು ಅದಕ್ಕೇ. ಅವರು ಭಾರತವನ್ನು ಮೂರು ಬಾರಿ ಸುತ್ತಿ ಹಣ ಕೂಡಿಸಿ ಆಕ್ಸ್‌ಫರ್ಡಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಕಟ್ಟಿಸಿದರು. ಪೀಠದ ನಿಯಮಾವಳಿಯಿಂದ ಮತಾಂತರದ ಉದ್ದೇಶ ಕಣ್ಮರೆಯಾದದ್ದೂ, ಮಹಾಸಭೆಯ ಚುನಾವಣೆ ಹೋಗಿ ಆಯ್ಕೆ ಸಮಿತಿ ಬಂದದ್ದೂ ಅವರ ಕಾಲದಲ್ಲೇ, 1882ರ ಸುಧಾರಣೆಗಳಲ್ಲಿ.

ಮುಲ್ಲರ್ ಅವರ ಬಗ್ಗೆ ನಮ್ಮಲ್ಲಿ ಎರಡು ಅತಿಗಳಿವೆ: ಋಷಿ ಎಂದು ಪೂಜಿಸುವುದು, ಇಲ್ಲವೇ ಕುಹಕಿ ಎಂದು ಹಳಿಯುವುದು. ಹಳಿಯುವವರ ಕೈಯಲ್ಲಿ ದಾಖಲೆಯಿಲ್ಲದಿಲ್ಲ. 1868ರ ಡಿಸೆಂಬರ್‌ನಲ್ಲಿ ಭಾರತ ಮಂತ್ರಿ ಆರ್ಗೈಲ್ ಡ್ಯೂಕರಿಗೆ ಬರೆದ ಪತ್ರದಲ್ಲಿ, ಭಾರತದ ಪ್ರಾಚೀನ ಧರ್ಮ ಅಳಿವಿನ ಅಂಚಿನಲ್ಲಿದೆ, ಕ್ರೈಸ್ತಧರ್ಮ ಆ ಜಾಗಕ್ಕೆ ಬರದಿದ್ದರೆ ತಪ್ಪು ಯಾರದ್ದು ಎಂಬ ಅರ್ಥದ ಮಾತುಗಳಿವೆ. ವೇದಗಳಿಗೆ ಅವರು 1859ರಲ್ಲಿ ಕೊಟ್ಟ ಕಾಲನಿರ್ಣಯ ಊಹೆಯ ಮೇಲೆ ನಿಂತಿತ್ತು, ಮುಂದೆ ಅದನ್ನೇ ಶಾಸನವೆಂಬಂತೆ ಹಲವರು ಒಪ್ಪಿಕೊಂಡರು. ಇವೆಲ್ಲ ನಿಜ. ಅದೇ ಮುಲ್ಲರ್ ಮುಂದೆ ಗಿಫರ್ಡ್ ಉಪನ್ಯಾಸಗಳಲ್ಲಿ, ವೇದಸೂಕ್ತಗಳ ಕಾಲವನ್ನು ನಿಖರವಾಗಿ ಹೇಳುವ ಶಕ್ತಿ ಭೂಮಿಯ ಮೇಲೆ ಯಾರಿಗೂ ಇಲ್ಲ ಎಂದು ಒಪ್ಪಿಕೊಂಡರು. 1888ರಲ್ಲಿ, ಆರ್ಯ ಎಂಬುದು ಭಾಷೆಗೆ ಸಂಬಂಧಿಸಿದ ಮಾತು, ಅದಕ್ಕೂ ರಕ್ತ, ಎಲುಬು, ತಲೆಬುರುಡೆಗಳಿಗೂ ನಂಟಿಲ್ಲ ಎಂದು ಖಡಾಖಂಡಿತವಾಗಿ ಬರೆದರು. 1882ರಲ್ಲಿ ಕೇಂಬ್ರಿಜ್‌ನಲ್ಲಿ ಭಾರತೀಯ ಸಿವಿಲ್ ಸೇವೆಗೆ ಹೊರಟಿದ್ದ ಯುವಕರಿಗೆ ಅವರು ಕೊಟ್ಟ ಉಪನ್ಯಾಸಗಳು, ಭಾರತೀಯರು ಸುಳ್ಳರೆಂಬ ಆಳುವವರ ಪೂರ್ವಗ್ರಹವನ್ನು ನೇರವಾಗಿ ಎದುರಿಸಿದವು. ಋಗ್ವೇದವನ್ನು ಆದ್ಯಂತ ಕಂಠಸ್ಥ ಮಾಡಿರುವ ವೈದಿಕ ವಿದ್ಯಾರ್ಥಿಗಳ ಕಲಿಕೆಯನ್ನು, ಶಂಕರ ಪಾಂಡುರಂಗ ಪಂಡಿತರು ಬರೆದು ತಿಳಿಸಿದ ವಿವರಗಳೊಂದಿಗೆ, ಯೂರೋಪಿಗೆ ಸಾರಿ ಹೇಳಿದ್ದೂ ಆ ಸಂದರ್ಭದಲ್ಲೇ.

ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಭಾರತವೇ ಅವರ ಮನೆಗೆ ಹೋಗುತ್ತಿತ್ತು. 1896ರ ಮೇ 28ರಂದು ಸ್ವಾಮಿ ವಿವೇಕಾನಂದರು ಆಕ್ಸ್‌ಫರ್ಡಿನಲ್ಲಿ ಅವರನ್ನು ಕಂಡರು. ಹಿಂದಿರುಗುವಾಗ ಎಪ್ಪತ್ತೆರಡರ ವೃದ್ಧರು ತಾವೇ ರೈಲು ನಿಲ್ದಾಣದವರೆಗೆ ಬಂದು ಬೀಳ್ಕೊಟ್ಟರು. ತಮ್ಮ ಭಾಷ್ಯಕ್ಕೆ ಹೊಸ ಜೀವ ಕೊಡಲು ಸಾಯಣರೇ ಮತ್ತೆ ಹುಟ್ಟಿ ಬಂದಿದ್ದಾರೆಂಬ ಭಾವನೆಯನ್ನು ವಿವೇಕಾನಂದರು ತಮ್ಮ ಶಿಷ್ಯರ ಬಳಿ ಹೇಳಿಕೊಂಡರು. 1898ರಲ್ಲಿ ಮುಲ್ಲರ್ ರಾಮಕೃಷ್ಣ ಪರಮಹಂಸರ ಜೀವನ ಮತ್ತು ವಚನಗಳ ಗ್ರಂಥ ಪ್ರಕಟಿಸಿದರು. ರಾಜದ್ರೋಹದ ಆರೋಪದಲ್ಲಿ ಸೆರೆಯಲ್ಲಿದ್ದ ಬಾಲಗಂಗಾಧರ ತಿಲಕರ ಬಿಡುಗಡೆ ಕೋರಿದ ಮನವಿಗೂ ಸಹಿ ಹಾಕಿದರು. 1900ರ ಅಕ್ಟೋಬರ್ 28ರಂದು ಆಕ್ಸ್‌ಫರ್ಡಿನಲ್ಲೇ ತೀರಿಕೊಂಡರು. ಅವರ ಗ್ರಂಥಸಂಗ್ರಹವನ್ನು ಟೋಕಿಯೊ ವಿಶ್ವವಿದ್ಯಾನಿಲಯ ಪಡೆದುಕೊಂಡಿತು, 1923ರ ಭೂಕಂಪದ ಬೆಂಕಿಯಲ್ಲಿ ಅದು ಸುಟ್ಟುಹೋಯಿತು.

ಋಗ್ವೇದದ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಪುಣೆಯ ವೈದಿಕ ಸಂಶೋಧನ ಮಂಡಲ ಇನ್ನಷ್ಟು ಹಸ್ತಪ್ರತಿಗಳನ್ನು ಬಳಸಿ 1933ರಿಂದ 1951ರವರೆಗೆ ಸಾಯಣಭಾಷ್ಯದ ಹೆಚ್ಚು ಶುದ್ಧವಾದ ಆವೃತ್ತಿ ತಂದಿತು. ಮೈಸೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಋಗ್ವೇದ ಸಾಯಣಭಾಷ್ಯದೊಂದಿಗೆ ಕನ್ನಡ ಅರ್ಥವಿವರಣೆ ಸಹಿತ ಹಲವು ಸಂಪುಟಗಳಲ್ಲಿ ಪ್ರಕಟವಾಯಿತು. ಹರಿಹರ-ಬುಕ್ಕರ ನಾಡಿನ ಓದುಗ ಈಗ ಆ ಭಾಷ್ಯವನ್ನು ತನ್ನ ನುಡಿಯಲ್ಲೇ ಓದಬಹುದು.

ವಿದ್ಯೆಯ ಪೀಠಕ್ಕೆ ಆಯ್ಕೆ ನಡೆಯುವಲ್ಲಿ ಅಭ್ಯರ್ಥಿಯ ಹುಟ್ಟು, ಮತ, ಪಕ್ಷಗಳನ್ನು ತೂಗುವ ಚಾಳಿ ಆಕ್ಸ್‌ಫರ್ಡಿನೊಂದಿಗೆ ಮುಗಿದಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳಲ್ಲೂ ಅದು ಜೀವಂತವಾಗಿದೆ, ಇಂದು ಕುಳಿತುಕೊಳ್ಳುವ ಆಯ್ಕೆ ಸಮಿತಿಗಳು ಈ ಪ್ರಕರಣವನ್ನು ಒಮ್ಮೆ ಓದಬೇಕು. ಬೋಡನ್ನರ ಹಣ ಬಯಸಿದ ಮತಾಂತರಕ್ಕೆ ಆ ಪೀಠದಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಅದು ಕೊಟ್ಟದ್ದು ನಿಘಂಟನ್ನು. ಪೀಠ ಸಿಗದವರು ಕೊಟ್ಟದ್ದು ಋಗ್ವೇದವನ್ನು. ಎರಡೂ ಉಳಿದದ್ದು ದುಡಿಮೆಯ ಗಟ್ಟಿತನದಿಂದ. ವಿದ್ವಾಂಸರನ್ನು ಅಳೆಯಲು ಅದಕ್ಕಿಂತ ನ್ಯಾಯವಾದ ಅಳತೆ ಇನ್ನೊಂದಿಲ್ಲ.